ಗ್ರ್ಯಾಂಡ್ ಕ್ಯಾನ್ಯನ್ ನೋಡಬೇಕಾ? ಮೊದಲು ಯಾವ ಅಂಚು ಅಂತ ತೀರ್ಮಾನಿಸಿ

ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟ ಅಪ್ಪ-ಅಮ್ಮಂದಿರು, ಅಲ್ಲೇ ಕೆಲಸದಲ್ಲಿದ್ದು ಊರಿಂದ ಹಿರಿಯರನ್ನು ಕರೆಸಿಕೊಂಡವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಲಾಸ್ ವೇಗಸ್‌ಗೆ ಹೇಗೂ ಹೋಗ್ತೀವಿ, ಗ್ರ್ಯಾಂಡ್ ಕ್ಯಾನ್ಯನ್ ಒಂದೇ ದಿನದಲ್ಲಿ ಮುಗಿಸಬಹುದಾ?" ಮುಗಿಸಬಹುದು. ಆದರೆ ಹಾಗೆ ಮುಗಿಸಿ ಬಂದವರಲ್ಲಿ ಎಷ್ಟೋ ಜನಕ್ಕೆ ತಾವು ನೋಡಿದ್ದು ನ್ಯಾಷನಲ್ ಪಾರ್ಕ್ ಅಲ್ಲವೇ ಅಲ್ಲ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಆ ಗೊಂದಲ ಮೊದಲು ಬಿಡಿಸೋಣ, ಉಳಿದದ್ದು ಸಲೀಸು.

ಎರಡು ಮಾತಿನಲ್ಲಿ ಜಾಗದ ಪರಿಚಯ. ಅರಿಜೋನಾ ರಾಜ್ಯದಲ್ಲಿ ಕೊಲೊರಾಡೋ ನದಿ ಕೊರೆದ ಕಮರಿ ಇದು. ಉದ್ದ 446 ಕಿಲೋಮೀಟರ್. ಅಗಲ ಕೆಲವು ಕಡೆ 29 ಕಿಲೋಮೀಟರ್. ಆಳ ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ. 1919ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು, 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ದೊಡ್ಡ ಜಾಗಕ್ಕೆ ಒಂದೇ ಗೇಟು, ಒಂದೇ ಟಿಕೆಟ್ ಇರುವುದಿಲ್ಲ ಅಲ್ವಾ? ಗೊಂದಲ ಹುಟ್ಟುವುದೇ ಅಲ್ಲಿ.

1. ಯಾವ ರಿಮ್?

ರಿಮ್ ಅಂದರೆ ಕಮರಿಯ ಅಂಚು. ಪ್ರವಾಸಿಗರು ಹೋಗುವುದು ಮೂರು ಕಡೆಗೆ.

ಸೌತ್ ರಿಮ್: ಫೋಟೋಗಳಲ್ಲಿ ನೀವು ನೋಡಿರುವ ಗ್ರ್ಯಾಂಡ್ ಕ್ಯಾನ್ಯನ್ ಬಹುಪಾಲು ಇದೇ. ನ್ಯಾಷನಲ್ ಪಾರ್ಕ್‌ನ ಮುಖ್ಯ ಭಾಗ. ವರ್ಷವಿಡೀ ತೆರೆದಿರುತ್ತದೆ. ಹೋಟೆಲ್, ಉಚಿತ ಬಸ್, ಮ್ಯೂಸಿಯಂ ಎಲ್ಲ ಇಲ್ಲಿವೆ. ಲಾಸ್ ವೇಗಸ್‌ನಿಂದ ಸುಮಾರು 280 ಮೈಲಿ, ಅಂದರೆ 450 ಕಿಲೋಮೀಟರ್. ಕಾರಿನಲ್ಲಿ ನಾಲ್ಕೂವರೆ ಗಂಟೆ.

ವೆಸ್ಟ್ ರಿಮ್: ಇದರ ಹೆಸರು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್. ಇದು ಹುವಾಲಪೈ ಅನ್ನುವ ಮೂಲನಿವಾಸಿ ಸಮುದಾಯದ ನೆಲ, ನಡೆಸುವವರೂ ಅವರೇ. ನ್ಯಾಷನಲ್ ಪಾರ್ಕ್‌ಗೂ ಇದಕ್ಕೂ ಸಂಬಂಧವಿಲ್ಲ. 2007ರಲ್ಲಿ ತೆರೆದ ಸ್ಕೈವಾಕ್, ಅಂದರೆ ಅಂಚಿನಿಂದ ಕಮರಿಯ ಮೇಲಕ್ಕೆ ಚಾಚಿದ ಗಾಜಿನ ನಡೆದಾರಿ, ಇರುವುದು ಇಲ್ಲಿ. ವೇಗಸ್‌ನಿಂದ ಸುಮಾರು 130 ಮೈಲಿ, ಎರಡೂವರೆ ಗಂಟೆಯೊಳಗಿನ ದಾರಿ. ಹತ್ತಿರ ಇರುವುದರಿಂದಲೇ ವೇಗಸ್‌ನಿಂದ ಹೊರಡುವ ಅಗ್ಗದ ಒಂದು ದಿನದ ಟೂರ್‌ಗಳು ಇಲ್ಲಿಗೆ ಬರುತ್ತವೆ.

ನಾರ್ತ್ ರಿಮ್: ಆಚೆ ದಡ, ಇನ್ನೂ ಎತ್ತರ, ಜನ ಕಡಿಮೆ. ಚಳಿಗಾಲದಲ್ಲಿ ಹಿಮದಿಂದ ರಸ್ತೆ ಮುಚ್ಚುತ್ತದೆ. 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೋ ಕಾಡ್ಗಿಚ್ಚಿಗೆ ಅಲ್ಲಿನ ಹಳೆಯ ಲಾಡ್ಜ್ ಸುಟ್ಟುಹೋಯಿತು. ಮೊದಲ ಸಲ ಹೋಗುವವರು ಇದನ್ನು ಬಿಟ್ಟುಬಿಡಿ. ಸೌತ್ ರಿಮ್‌ನಿಂದ ನೋಡಿದರೆ ಎದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಸುತ್ತಿ ಹೋಗಲು 200 ಮೈಲಿಗೂ ಜಾಸ್ತಿ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಒಂದು ರಾತ್ರಿ ಉಳಿಯಲು ಸಾಧ್ಯವಿದ್ದರೆ ಸೌತ್ ರಿಮ್, ಬೇರೆ ಯೋಚನೆಯೇ ಬೇಡ. ವೇಗಸ್‌ನಿಂದ ಹೊರಟು ಸಂಜೆಗೆ ವಾಪಸ್ ಬರಲೇಬೇಕು ಅಂದರೆ ಮಾತ್ರ ವೆಸ್ಟ್. ಸ್ಕೈವಾಕ್ ಮೇಲೆ ಮೊಬೈಲ್, ಕ್ಯಾಮೆರಾ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಬಿಡದಿದ್ದರೆ ಅಲ್ಲಿನ ಫೋಟೋಗ್ರಾಫರ್ ತೆಗೆದ ಫೋಟೋವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಇದು ಗೊತ್ತಿದ್ದೇ ಹೋದರೆ ಬೇಜಾರಾಗುವುದಿಲ್ಲ.

ಹುಷಾರಾಗಿರಬೇಕಾದ್ದು: ಟೂರ್ ಬುಕ್ ಮಾಡುವಾಗ ಬರೀ "ಗ್ರ್ಯಾಂಡ್ ಕ್ಯಾನ್ಯನ್ ಡೇ ಟೂರ್" ಅಂತಿದ್ದರೆ ದುಡ್ಡು ಕಟ್ಟಬೇಡಿ. ಸೌತ್ ರಿಮ್ ಅಂತ ಬರೆದಿದೆಯಾ, ಅಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತಾರೆ, ಎರಡನ್ನೂ ನೋಡಿ. ವೇಗಸ್‌ನಿಂದ ಬಸ್ಸಿನಲ್ಲಿ ಒಂದೇ ದಿನಕ್ಕೆ ಸೌತ್ ರಿಮ್ ಮಾಡಿದರೆ ಒಂಬತ್ತು ಗಂಟೆ ಬರೀ ಸೀಟಿನಲ್ಲೇ ಕಳೆಯುತ್ತದೆ. ಮಂಡಿನೋವು ಇರುವವರನ್ನು ಈ ಶಿಕ್ಷೆಗೆ ಗುರಿಮಾಡಬೇಡಿ.

2. ಯಾವ ತಿಂಗಳು?

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಈ ಎರಡು ಹೊತ್ತು ಬಿಟ್ಟರೆ ಉಳಿದದ್ದಕ್ಕೆಲ್ಲ ಏನೋ ಒಂದು ತಕರಾರು ಇದ್ದೇ ಇದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗಳಿಗೆ ರಜೆ, ಗೇಟಿನಲ್ಲಿ ಕಾರುಗಳ ಸಾಲು. ಮೇಲೆ ಅಂಚಿನಲ್ಲಿ ಹಿತವಾಗೇ ಇರುತ್ತದೆ, ಆದರೆ ಕೆಳಗೆ ಇಳಿದಂತೆಲ್ಲ ಸೆಕೆ ಏರುತ್ತದೆ. ಕಮರಿಯ ತಳದಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು. ಅರಿಜೋನಾದವರೂ ಇದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಗುಡುಗು ಕೇಳಿಸಿತು ಅಂದರೆ ಅಂಚಿನಿಂದ ಹಿಂದೆ ಸರಿದು ಕಟ್ಟಡ, ಬಸ್ಸು, ಕಾರು ಏನಾದರೊಂದರ ಒಳಗೆ ಸೇರಿಕೊಳ್ಳಿ. ಬಯಲು ಅಂಚಿನಲ್ಲಿ ನಿಂತು ಮಿಂಚಿನ ವಿಡಿಯೋ ಮಾಡುವ ಸಾಹಸ ಬೇಡ.

ಚಳಿಗಾಲದಲ್ಲಿ ಕೆಂಪು ಬಂಡೆಗಳ ಮೇಲೆ ಹಿಮ ಕೂತಿರುತ್ತದೆ. ನೋಡಲು ಸೊಗಸು, ಕಾಲಿಡಲು ಕಷ್ಟ. ಕಾಲುಹಾದಿಗಳ ಮೇಲ್ಭಾಗದಲ್ಲಿ ಮಂಜು ಗಟ್ಟಿಯಾಗಿ ಗಾಜಿನಂತೆ ಜಾರುತ್ತದೆ.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಮರುಭೂಮಿ ರಾಜ್ಯ ಅಂತ ಹತ್ತಿ ಬಟ್ಟೆ ಮಾತ್ರ ತುಂಬಿಕೊಂಡು ಬರುತ್ತಾರೆ. ಸೌತ್ ರಿಮ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲೆ ನಿಂತು ನೀವು ಕಮರಿಯ ಒಳಗೆ ಇಣುಕುತ್ತಿರುತ್ತೀರಿ. ಮೇ ತಿಂಗಳಲ್ಲೂ ಬೆಳಗಿನ ಜಾವ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕು. ನಾಲ್ಕು ಹೆಜ್ಜೆ ಬಿರುಸಾಗಿ ಹತ್ತಿದರೆ ಏದುಸಿರು ಬರುವುದೂ ಈ ಎತ್ತರದಿಂದಲೇ. ಹೃದಯದ, ಶ್ವಾಸದ ತೊಂದರೆ ಇರುವವರು ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.

3. ಟಿಕೆಟ್, ಪಾಸ್: ಹೊಸ ಲೆಕ್ಕ ಗಮನಿಸಿ

ಹಳೆಯ ವಿಡಿಯೋ ನೋಡಿಕೊಂಡು ಹೋದವರು ಎಡವುವುದು ಇಲ್ಲೇ. ಒಂದು ಕಾರಿಗೆ ಪ್ರವೇಶ ಶುಲ್ಕ 35 ಡಾಲರ್, ಏಳು ದಿನಕ್ಕೆ ಆಗುತ್ತದೆ. ಇದು ಹಳೆಯ ಲೆಕ್ಕ. 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಹೆಚ್ಚುವರಿ ಶುಲ್ಕ ಬಂದಿದೆ. ಜಾಸ್ತಿ ಜನ ಬರುವ 11 ನ್ಯಾಷನಲ್ ಪಾರ್ಕ್‌ಗಳಲ್ಲಿ 16 ವರ್ಷ ತುಂಬಿದ ಪ್ರತಿ ವಿದೇಶಿ ಪ್ರವಾಸಿಗೆ ತಲಾ 100 ಡಾಲರ್. ಗ್ರ್ಯಾಂಡ್ ಕ್ಯಾನ್ಯನ್ ಆ ಪಟ್ಟಿಯಲ್ಲಿದೆ. ಯೋಸೆಮಿಟಿ, ಯೆಲ್ಲೋಸ್ಟೋನ್, ಜೈಯನ್ ಕೂಡ ಇವೆ.

ವಾರ್ಷಿಕ ಪಾಸ್ ನಿವಾಸಿಗಳಿಗೆ 80 ಡಾಲರ್, ಉಳಿದವರಿಗೆ 250. ಟೂರಿಸ್ಟ್ ವೀಸಾದಲ್ಲಿ ಬಂದ ಇಬ್ಬರು ಪಾಸ್ ಇಲ್ಲದೆ ಹೋದರೆ ಕಾರಿನ 35 ಸೇರಿ 235 ಡಾಲರ್ ಆಯಿತು. ಇನ್ನೊಂದು ಪಾರ್ಕ್ ನೋಡುವ ಯೋಚನೆ ಇದ್ದರೆ 250ರ ಪಾಸೇ ಲಾಭ. ಜೈಯನ್ ಹೇಗೂ ವೇಗಸ್‌ನಿಂದ ಮೂರು ಗಂಟೆಯೊಳಗಿನ ದಾರಿ. ಒಂದೇ ಕಾರಿನಲ್ಲಿ ಅಲ್ಲಿನ ನಿವಾಸಿಯಾದ ಮಗ, ಊರಿಂದ ಬಂದ ಅಪ್ಪ-ಅಮ್ಮ ಇಬ್ಬರೂ ಇದ್ದಾಗ ಯಾರ ಪಾಸ್ ಯಾರ್ಯಾರಿಗೆ ಆಗುತ್ತದೆ ಅನ್ನುವುದನ್ನು ಹೊರಡುವ ವಾರ ಪಾರ್ಕ್‌ನ ಅಧಿಕೃತ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ, ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಬೇಡಿ. ನಿವಾಸಿ ದರಕ್ಕೆ ಅಮೆರಿಕ ಸರ್ಕಾರ ಕೊಟ್ಟ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು.

ಈ ಯಾವ ಪಾಸೂ ವೆಸ್ಟ್ ರಿಮ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಹುವಾಲಪೈ ಜನರ ಟಿಕೆಟ್ ಬೇರೆ, ಸ್ಕೈವಾಕ್‌ಗೆ ಮತ್ತೆ ಬೇರೆ.

4. ಉಳಿಯುವುದು ಎಲ್ಲಿ?

ಪಾರ್ಕ್ ಒಳಗೆ ರೂಮ್ ಸಿಕ್ಕರೆ ಅದೃಷ್ಟ. ಸೂರ್ಯೋದಯ ನೋಡಲು ಹಾಸಿಗೆಯಿಂದ ಎದ್ದು ಹತ್ತು ನಿಮಿಷ ನಡೆದರೆ ಸಾಕು. 1905ರಲ್ಲಿ ಶುರುವಾದ ಎಲ್ ಟೋವರ್ ಹೋಟೆಲ್ ದುಬಾರಿ. ಬ್ರೈಟ್ ಏಂಜಲ್, ಮಾಸ್ವಿಕ್, ಯಾವಪೈ ಲಾಡ್ಜ್‌ಗಳ ದರ ಸ್ವಲ್ಪ ಕೈಗೆಟುಕುತ್ತದೆ. ಒಂದು ವರ್ಷ ಮೊದಲೇ ಬುಕಿಂಗ್ ತೆರೆಯುತ್ತದೆ, ಬೇಗ ತುಂಬುತ್ತದೆ. ಸಿಗಲಿಲ್ಲ ಅಂತ ಕೈಬಿಡಬೇಡಿ. ಜನ ರದ್ದು ಮಾಡುತ್ತಲೇ ಇರುತ್ತಾರೆ, ಹೊರಡುವ ವಾರದವರೆಗೂ ಆಗಾಗ ನೋಡುತ್ತಿರಿ.

ಇಲ್ಲದಿದ್ದರೆ ಟುಸಾಯನ್. ಗೇಟಿನ ಹೊರಗೇ ಇರುವ ಪುಟ್ಟ ಊರು. ಅದೂ ಕೈಗೆ ಹತ್ತಲಿಲ್ಲ ಅಂದರೆ 60 ಮೈಲಿ ದೂರದ ವಿಲಿಯಮ್ಸ್ ಅಥವಾ 80 ಮೈಲಿಯ ಫ್ಲ್ಯಾಗ್‌ಸ್ಟಾಫ್. ವಿಲಿಯಮ್ಸ್‌ನಿಂದ ಕಮರಿಯ ಅಂಚಿನವರೆಗೆ ರೈಲು ಕೂಡ ಇದೆ. ಆ ಹಳಿ 1901ರದ್ದು. ಕಾರು ಓಡಿಸಲು ಮನಸ್ಸಿಲ್ಲದವರಿಗೆ, ಮೊಮ್ಮಕ್ಕಳಿಗೆ ಒಳ್ಳೆಯದು. ಆದರೆ ಮೇಲೆ ಸಿಗುವ ಸಮಯ ಕೆಲವೇ ಗಂಟೆ, ಸೂರ್ಯಾಸ್ತ ಕೈತಪ್ಪುತ್ತದೆ.

ಎಲ್ಲೇ ಉಳಿದರೂ ಒಂದು ಸಂಜೆ, ಒಂದು ಬೆಳಗು ಕಮರಿಯ ಅಂಚಿನಲ್ಲಿ ಇರುವ ಹಾಗೆ ಹೊಂದಿಸಿ. ನಡು ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಎಲ್ಲ ಬಂಡೆಯೂ ಒಂದೇ ಮಾಸಲು ಬಣ್ಣ, ಆಳವೇ ಗೊತ್ತಾಗುವುದಿಲ್ಲ. "ಇಷ್ಟೇನಾ?" ಅಂತ ಮೂಗು ಮುರಿಯುವವರು ಸಾಮಾನ್ಯವಾಗಿ ಆ ಹೊತ್ತಿಗೆ ಬಂದು ಹೋದವರು. ಬಿಸಿಲು ಓರೆಯಾದ ಮೇಲೆ ನೋಡಿ. ನೆರಳು ಕೆಳಗಿನಿಂದ ಮೇಲಕ್ಕೆ ಏರುತ್ತಾ ಬರುತ್ತದೆ. ಮೊದಲು ತಳದ ಕಪ್ಪು ಬಂಡೆ ಮುಳುಗುತ್ತದೆ, ಆಮೇಲೆ ಕೆಂಪು ಗೋಡೆ, ಕೊನೆಗೆ ನಡುವೆ ಎದ್ದು ನಿಂತ ದಿಬ್ಬಗಳ ನೆತ್ತಿ ಮಾತ್ರ ಕಿತ್ತಳೆ ಬಣ್ಣದಲ್ಲಿ ಉಳಿಯುತ್ತದೆ.

5. ದಾರಿ, ಪೆಟ್ರೋಲು, ಗಡಿಯಾರ

ಮ್ಯಾಪಿನಲ್ಲಿ ಸುಮ್ನೆ "ಗ್ರ್ಯಾಂಡ್ ಕ್ಯಾನ್ಯನ್" ಅಂತ ಹಾಕಬೇಡಿ. "ಗ್ರ್ಯಾಂಡ್ ಕ್ಯಾನ್ಯನ್ ವಿಸಿಟರ್ ಸೆಂಟರ್, ಸೌತ್ ರಿಮ್" ಅಂತಲೇ ಹಾಕಿ. ಮ್ಯಾಪ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತದೆ. ಪೆಟ್ರೋಲಿಗೆ ಅಲ್ಲಿ ಗ್ಯಾಸ್ ಅನ್ನುತ್ತಾರೆ. ವಿಲಿಯಮ್ಸ್ ಅಥವಾ ಫ್ಲ್ಯಾಗ್‌ಸ್ಟಾಫ್‌ನಲ್ಲೇ ಟ್ಯಾಂಕ್ ತುಂಬಿಸಿ, ಪಾರ್ಕ್ ಹತ್ತಿರ ಬಂದಂತೆ ಬೆಲೆ ಏರುತ್ತದೆ.

ಗಡಿಯಾರದ ತಂಟೆ ಬೇರೆ. ಅಮೆರಿಕದ ಬಹುಪಾಲು ರಾಜ್ಯಗಳು ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್‌ನಲ್ಲಿ ಹಿಂದಕ್ಕೆ ತಿರುಗಿಸುತ್ತವೆ. ಅರಿಜೋನಾ ಆ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್ ಎರಡೂ ಕಡೆ ಒಂದೇ ಟೈಮು. ಚಳಿಗಾಲದಲ್ಲಿ ವೇಗಸ್‌ನಿಂದ ಹೊರಟರೆ ಒಂದು ಗಂಟೆ ಕಳೆದುಕೊಳ್ಳುತ್ತೀರಿ. ಡಿಸೆಂಬರ್‌ನಲ್ಲಿ ಸೂರ್ಯ ಐದೂಕಾಲಿಗೆಲ್ಲ ಮುಳುಗುತ್ತಾನೆ, ಆ ಒಂದು ಗಂಟೆ ದುಬಾರಿ. ಜೂನ್‌ನಲ್ಲಾದರೆ ಏಳೂಮುಕ್ಕಾಲರವರೆಗೂ ಬೆಳಕಿರುತ್ತದೆ.

6. ತಲುಪಿದ ಮೇಲೆ: ಎಲ್ಲಿಂದ ಶುರು, ಎಲ್ಲಿಗೆ ಕೊನೆ

ಬೆಳಗ್ಗೆ ಒಂಬತ್ತರೊಳಗೆ ಗೇಟು ದಾಟಿ, ಕಾರನ್ನು ವಿಸಿಟರ್ ಸೆಂಟರ್‌ನಲ್ಲಿ ನಿಲ್ಲಿಸಿ. ಆಮೇಲೆ ಕಾರು ಮರೆತುಬಿಡಿ. ಪಾರ್ಕ್ ಒಳಗಿನ ಶಟಲ್ ಬಸ್, ಅಂದರೆ ಅಲ್ಲಿಂದಿಲ್ಲಿಗೆ ಸುತ್ತುತ್ತಲೇ ಇರುವ ಬಸ್, ಉಚಿತ. ಬಣ್ಣದ ಹೆಸರಿನಲ್ಲಿ ರೂಟ್‌ಗಳಿವೆ: ನೀಲಿ, ಕಿತ್ತಳೆ, ಕೆಂಪು.

ವಿಸಿಟರ್ ಸೆಂಟರ್‌ನಿಂದ ಐದು ನಿಮಿಷ ನಡೆದರೆ ಮೇಥರ್ ಪಾಯಿಂಟ್. ಮೊದಲ ನೋಟ ಎಲ್ಲರಿಗೂ ಇಲ್ಲೇ, ಹಾಗಾಗಿ ನೂಕುನುಗ್ಗಲೂ ಇಲ್ಲೇ. ಫೋಟೋ ತೆಗೆದುಕೊಂಡು ಎಡಕ್ಕೆ ತಿರುಗಿ ಅಂಚಿನುದ್ದಕ್ಕೂ ನಡೆಯಿರಿ. ಸಿಮೆಂಟ್ ಹಾಕಿದ ಸಮತಟ್ಟು ದಾರಿ, ವೀಲ್‌ಚೇರ್ ಕೂಡ ಹೋಗುತ್ತದೆ. ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಯಾವಪೈ ಭೂವಿಜ್ಞಾನ ಮ್ಯೂಸಿಯಂ. ಗಾಜಿನ ಕಿಟಕಿಯಲ್ಲಿ ಕಮರಿ, ಕಿಟಕಿಯ ಕೆಳಗೆ ಯಾವ ಪದರ ಯಾವುದು ಅನ್ನುವ ವಿವರ. ಬಿಸಿಲು ಜಾಸ್ತಿಯಾದಾಗ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಲ್ಲಿಂದ ಮುಂದಿನ ದಾರಿಗೆ ಟ್ರೇಲ್ ಆಫ್ ಟೈಮ್ ಅಂತ ಹೆಸರು. ಟ್ರೇಲ್ ಅಂದರೆ ಕಾಲುಹಾದಿ. ನೆಲದಲ್ಲಿ ಪ್ರತಿ ಮೀಟರಿಗೆ ಒಂದು ಗುರುತು, ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ಕಮರಿಯ ಒಂದೊಂದು ಪದರದಿಂದ ತಂದ ಕಲ್ಲುಗಳನ್ನು ಆಯಾ ವಯಸ್ಸಿನ ಜಾಗದಲ್ಲಿ ನಿಲ್ಲಿಸಿದ್ದಾರೆ. ಮುಟ್ಟಬಹುದು, ಸವರಬಹುದು. ಅಂಚಿನ ಮೇಲಿರುವ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ತಳದ ಕಪ್ಪು ಕಲ್ಲಿಗೆ 170 ಕೋಟಿ ವರ್ಷಕ್ಕೂ ಜಾಸ್ತಿ. ಆ ತಳದ ಕಲ್ಲಿನ ಹೆಸರು ವಿಷ್ಣು ಶಿಸ್ಟ್! ಶಿಸ್ಟ್ ಅಂದರೆ ಒತ್ತಡ, ಶಾಖಕ್ಕೆ ಸಿಕ್ಕಿ ಹಾಳೆಹಾಳೆಯಾದ ಕಲ್ಲು. ಕಮರಿಯ ನಡುವೆ ಎದ್ದಿರುವ ದಿಬ್ಬಗಳಿಗೂ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಅಂತ ಹೆಸರುಗಳಿವೆ. 1880ರ ಸುಮಾರಿಗೆ ಇಲ್ಲಿ ಸರ್ವೆ ಮಾಡಿದ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಹಾಕಿಕೊಟ್ಟ ರೂಢಿ ಇದು. ಅಲ್ಲಿ ಗುಡಿ ಹುಡುಕಬೇಡಿ. ಅವು ಬರೀ ಬಂಡೆ ದಿಬ್ಬಗಳು, ನೋಡಲು ಗೋಪುರದ ಹಾಗಿವೆ ಅಷ್ಟೆ. "ಪ್ರಾಚೀನ ಹಿಂದೂ ದೇವಾಲಯ ಸಿಕ್ಕಿತು" ಅನ್ನುವ ಫಾರ್ವರ್ಡ್ ಬಂದಿದ್ದರೆ ಅಳಿಸಿಬಿಡಿ.

ಮಧ್ಯಾಹ್ನದ ಮೇಲೆ ಕೆಂಪು ರೂಟಿನ ಬಸ್ ಹತ್ತಿ. ಇದು ಹರ್ಮಿಟ್ ರೋಡ್‌ನಲ್ಲಿ ಏಳು ಮೈಲಿ ಹೋಗುತ್ತದೆ. ಮಾರ್ಚ್‌ನಿಂದ ನವೆಂಬರ್ ಕೊನೆಯವರೆಗೆ ಇಲ್ಲಿ ಖಾಸಗಿ ಕಾರು ಬಿಡುವುದಿಲ್ಲ. ಹೋಗುವಾಗ ಬಸ್ ಎಲ್ಲ ಪಾಯಿಂಟ್‌ಗಳಲ್ಲಿ ನಿಲ್ಲುತ್ತದೆ, ಬರುವಾಗ ಕೆಲವು ಕಡೆ ಮಾತ್ರ. ಎಲ್ಲ ಕಡೆ ಇಳಿಯುವ ಆಸೆ ಬೇಡ. ಹೋಪಿ ಪಾಯಿಂಟ್, ಪೀಮಾ ಪಾಯಿಂಟ್ ಎರಡು ಸಾಕು. ಪೀಮಾದಲ್ಲಿ ಗಾಳಿ ನಿಂತಾಗ ಮಾತು ನಿಲ್ಲಿಸಿ ಕೇಳಿ, ಒಂದೂವರೆ ಕಿಲೋಮೀಟರ್ ಕೆಳಗೆ ನದಿ ಬಂಡೆಗೆ ಬಡಿಯುವ ಮೊರೆತ ಮೇಲಕ್ಕೆ ಬರುತ್ತದೆ. ಹೋಪಿಯಿಂದ ನದಿಯೂ ಕಾಣುತ್ತದೆ. ದಾರದ ಎಳೆಯಷ್ಟೇ ತೆಳ್ಳಗೆ ಕಾಣುವ ಅದರ ನಿಜವಾದ ಅಗಲ ಸರಾಸರಿ 90 ಮೀಟರ್. ಸೂರ್ಯಾಸ್ತ ಇಲ್ಲೇ ನೋಡಿ. ಮುಳುಗಿದ ಕೂಡಲೇ ಎಲ್ಲರೂ ಬಸ್ಸಿಗೆ ಓಡುತ್ತಾರೆ, ದೊಡ್ಡ ಕ್ಯೂ. ಟಾರ್ಚ್, ಜಾಕೆಟ್ ಜೊತೆಯಲ್ಲಿರಲಿ.

ಹಿರಿಯರಿಗೆ ಬಸ್ ಹತ್ತಿ ಇಳಿಯುವುದು ಕಷ್ಟವಾದರೆ ಗೇಟಿನಲ್ಲಿ ಅಥವಾ ವಿಸಿಟರ್ ಸೆಂಟರ್‌ನಲ್ಲಿ ಆಕ್ಸೆಸಿಬಿಲಿಟಿ ಪರ್ಮಿಟ್ ಕೇಳಿ. ನಡೆಯಲು ತೊಂದರೆ ಇರುವವರ ಕಾರನ್ನು ಹರ್ಮಿಟ್ ರೋಡಿಗೂ ಬಿಡುವ ಚೀಟಿ ಅದು. ಇದು ಗೊತ್ತಿಲ್ಲದೆ ಎಷ್ಟೋ ಜನ ಅಜ್ಜ-ಅಜ್ಜಿಯನ್ನು ಪಾರ್ಕಿಂಗ್‌ನಲ್ಲೇ ಕೂರಿಸಿ ಹೋಗಿರುತ್ತಾರೆ.

7. ಕೆಳಗೆ ಇಳಿಯುವವರಿಗೆ

ಇಳಿಯುವುದು ಸುಲಭ, ಹತ್ತುವುದಕ್ಕೆ ಅದರ ಎರಡರಷ್ಟು ಹೊತ್ತು ಬೇಕು. ಬೆಟ್ಟ ಹತ್ತುವಾಗ ಸುಸ್ತಾದರೆ ಅರ್ಧದಲ್ಲೇ ವಾಪಸ್ ಇಳಿಯಬಹುದು. ಇಲ್ಲಿ ಸುಸ್ತಾಗುವ ಹೊತ್ತಿಗೆ ಹತ್ತುವ ಕೆಲಸ ಪೂರ್ತಿ ಬಾಕಿ ಇರುತ್ತದೆ. ನದಿಯವರೆಗೆ ಹೋಗಿ ಅದೇ ದಿನ ವಾಪಸ್ ಬರುವ ಪ್ರಯತ್ನ ಮಾಡಬೇಡಿ ಅಂತ ಪಾರ್ಕ್‌ನವರೇ ಬೋರ್ಡ್ ಹಾಕಿದ್ದಾರೆ.

ಮನೆಮಂದಿಯ ಜೊತೆ ಬಂದವರಿಗೆ ಬ್ರೈಟ್ ಏಂಜಲ್ ಟ್ರೇಲ್‌ನ ಮೊದಲ ಸುರಂಗದವರೆಗೆ ಹೋಗಿ ಬಂದರೆ ಸಾಕು. ಗಟ್ಟಿ ಕಾಲಿನವರಿಗೆ ಸೌತ್ ಕೈಬಾಬ್ ಟ್ರೇಲ್‌ನಲ್ಲಿ ಊ-ಆ ಪಾಯಿಂಟ್, ಒಂದು ಕಡೆಗೆ ಒಂದೂವರೆ ಕಿಲೋಮೀಟರ್. ನೋಟ ಇಲ್ಲಿ ಚೆನ್ನ, ಆದರೆ ದಾರಿಯಲ್ಲಿ ಹನಿ ನೀರೂ ಸಿಗುವುದಿಲ್ಲ, ನೆರಳೂ ಇಲ್ಲ. ಕಿತ್ತಳೆ ರೂಟಿನ ಬಸ್ಸಿನಲ್ಲೇ ಹೋಗಬೇಕು. ಬೆಳಗ್ಗೆ ಬೇಗ ಹೋಗಿ ಹತ್ತು ಗಂಟೆಯೊಳಗೆ ಮೇಲೆ ಬನ್ನಿ. ನೀರಿನ ಜೊತೆ ಉಪ್ಪಿನ ಅಂಶ ಇರುವ ಏನಾದರೂ ತಿನ್ನುತ್ತಿರಿ, ಬರೀ ನೀರು ಕುಡಿಯುತ್ತಾ ಹೋದರೂ ದೇಹಕ್ಕೆ ತೊಂದರೆ. ನಮ್ಮ ಕೋಡುಬಳೆ, ಖಾರದ ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು.

ಎದುರಿಗೆ ಹೇಸರಗತ್ತೆಗಳ ಸಾಲು ಬಂದರೆ ಗೋಡೆಯ ಕಡೆಗೆ ಒತ್ತಿ ನಿಂತು ದಾರಿ ಬಿಡಿ. ಪ್ರಪಾತದ ಕಡೆ ನಿಲ್ಲಬೇಡಿ.

8. ಊಟ, ಅಳಿಲು, ಅಂಚು

ಸಸ್ಯಾಹಾರಿಗಳಿಗೆ ಪಾರ್ಕ್ ಒಳಗೆ ಪಿಜ್ಜಾ, ಸಲಾಡ್, ಫ್ರೈಸ್, ಅಷ್ಟರಲ್ಲೇ ಸುತ್ತಬೇಕು. ಬೀನ್ಸ್ ಇದೆ ಅಂತ ಕೇಳದೆ ತಗೊಳ್ಳಬೇಡಿ, ಅದನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವುದುಂಟು. ಚಪಾತಿ, ಪುಳಿಯೋಗರೆ, ಚಟ್ನಿಪುಡಿ ಕಟ್ಟಿಕೊಂಡು ಬಂದವರೇ ಜಾಣರು. ನೀರಿನ ಬಾಟಲ್ ಮನೆಯಿಂದಲೇ ತನ್ನಿ, ತುಂಬಿಸಿಕೊಳ್ಳಲು ನಲ್ಲಿಗಳಿವೆ.

ತಿಂಡಿ ಬಿಚ್ಚಿದ ಕೂಡಲೇ ಅಳಿಲು ಬರುತ್ತದೆ. ಊರಿನ ಅಳಿಲಿನ ಹಾಗೆ ಸಾಧು ಅಂತ ಕೈ ಚಾಚಬೇಡಿ, ಕಚ್ಚುತ್ತದೆ. ತಿನ್ನಿಸುವುದು ಕಾನೂನಿಗೂ ವಿರುದ್ಧ. ಡ್ರೋನ್ ಹಾರಿಸುವುದೂ ನಿಷೇಧ.

ಅಂಚಿನ ಬಹುಪಾಲು ಉದ್ದಕ್ಕೆ ಕಂಬಿಯೇ ಇಲ್ಲ. ಇರುವುದು ಮುಖ್ಯ ವ್ಯೂ ಪಾಯಿಂಟ್‌ಗಳಲ್ಲಿ ಮಾತ್ರ. ಫೋಟೋಗೆ ಅಂತ ಹಿಂದಕ್ಕೆ ಹೆಜ್ಜೆ ಇಡಬೇಡಿ, ಮೊಬೈಲ್ ನೋಡುತ್ತಾ ನಡೆಯಬೇಡಿ. ಮಕ್ಕಳ ಕೈ ಹಿಡಿದುಕೊಳ್ಳಿ. ಅಂಚಿನಿಂದ ಆಚೆ ಚಾಚಿರುವ ಒಂಟಿ ಬಂಡೆಯ ಮೇಲೆ ಯಾರೋ ನಿಂತಿದ್ದಾರೆ ಅಂತ ನೀವೂ ಹೋಗಬೇಕಿಲ್ಲ.

9. ವಾಪಸ್ ಹೊರಡುವಾಗ

ಬಂದ ದಾರಿಯಲ್ಲೇ ತಿರುಗಬೇಡಿ. ಪೂರ್ವಕ್ಕೆ ಡೆಸರ್ಟ್ ವ್ಯೂ ಡ್ರೈವ್ ಹಿಡಿಯಿರಿ, ಸುಮಾರು 25 ಮೈಲಿ, ಇಲ್ಲಿ ನಿಮ್ಮ ಕಾರೇ ಹೋಗುತ್ತದೆ. ಲಿಪಾನ್ ಪಾಯಿಂಟ್‌ನಲ್ಲಿ ನಿಲ್ಲಿಸಿ, ನದಿ ತಿರುವಿನ ನೋಟ ಸೌತ್ ರಿಮ್‌ನಲ್ಲೇ ಅತಿ ಚೆನ್ನಾಗಿರುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ಕೊನೆಗೆ ಸಿಗುವ ಕಲ್ಲಿನ ಗೋಪುರ ಡೆಸರ್ಟ್ ವ್ಯೂ ವಾಚ್‌ಟವರ್. 70 ಅಡಿ ಎತ್ತರ, 1932ರದ್ದು, ಕಟ್ಟಿಸಿದ ವಾಸ್ತುಶಿಲ್ಪಿ ಮೇರಿ ಕೋಲ್ಟರ್. ಒಳಗೋಡೆಗಳ ಮೇಲೆ ಹೋಪಿ ಸಮುದಾಯದ ಕಲಾವಿದ ಫ್ರೆಡ್ ಕಬೋಟಿ ಬರೆದ ಚಿತ್ರಗಳಿವೆ.

ಅದೇ ರಸ್ತೆ ಮುಂದೆ ಕ್ಯಾಮರನ್ ಸೇರಿ ಪೇಜ್ ಊರಿನ ಕಡೆ ಹೋಗುತ್ತದೆ, ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್, ಕಿರಿದಾದ ಕಲ್ಲಿನ ಕಮರಿ ಆಂಟೆಲೋಪ್ ಕ್ಯಾನ್ಯನ್ ಇರುವುದು ಅಲ್ಲಿ. ಆಂಟೆಲೋಪ್‌ಗೆ ಗೈಡ್ ಇಲ್ಲದೆ ಬಿಡುವುದಿಲ್ಲ, ಮೊದಲೇ ಬುಕ್ ಮಾಡಿ. ಅದು ನವಾಹೋ ಸಮುದಾಯದ ನೆಲ. ಬೇಸಿಗೆಯಲ್ಲಿ ನವಾಹೋ ನೆಲದ ಗಡಿಯಾರ ಅರಿಜೋನಾಕ್ಕಿಂತ ಒಂದು ಗಂಟೆ ಮುಂದೆ, ಪೇಜ್ ಊರಿನದು ಮಾತ್ರ ಅರಿಜೋನಾ ಟೈಮು. ಮೊಬೈಲ್ ಎರಡರ ನಡುವೆ ಹೊಯ್ದಾಡುತ್ತದೆ, ಅದನ್ನು ನಂಬಬೇಡಿ. ಟಿಕೆಟ್ ಕೊಟ್ಟವರಿಗೆ ಇಮೇಲ್ ಹಾಕಿ, ಬರೆದಿರುವ ಸಮಯ ಯಾವ ಟೈಮಿನದು ಅಂತ ಬರವಣಿಗೆಯಲ್ಲೇ ತರಿಸಿಕೊಳ್ಳಿ.